ಫೋಲ್ಡರ್ ಉಂಟು, ಫೋಟೋ ಇಲ್ಲ!

ಪ್ರಶ್ನೆ: ಉಡುಪಿ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಲಿನಕ್ಸ್ ಕಂಪ್ಯೂಟರ್. ಮದುವೆ ಫೋಟೋಗಳನ್ನು ‘ವಾರ್’ ಒಳಗಿನ ‘ಟೆಂಪ್’ ಫೋಲ್ಡರ್‌ಗೆ ಹಾಕಿ ಆಲ್ಬಮ್ ಮಾಡುವುದು ಹಳೇ ಅಭ್ಯಾಸ. ಹೊಸ ಲಿನಕ್ಸ್ ಹಾಕಿಸಿದ ಮೇಲೆ, ಒಂದು ಪಾರ್ಟಿಯವರು ಒಂದೂವರೆ ತಿಂಗಳು ಬಿಟ್ಟು ಆಲ್ಬಮ್ ತಿದ್ದಿಸಲು ಬಂದರು. ತೆರೆದು ನೋಡಿದರೆ ಫೋಲ್ಡರ್ ಉಂಟು, ಒಳಗೆ ಒಂದೂ ಫೋಟೋ ಇಲ್ಲ. ಇದೆಂತ, ವೈರಸ್ಸಾ? ದಿನಾ ರಾತ್ರಿ ಎಲ್ಲ ಫೋಲ್ಡರ್‌ಗಳ ಸೈಜ್ ಬರೆದಿಡುವ ಒಂದು ಸ್ಕ್ರಿಪ್ಟ್ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ.

ಉತ್ತರ: ವೈರಸ್ ಅಲ್ಲ ಮಾರಾಯ್ರೆ, ಇದು ಕಸ ಗುಡಿಸುವವನ ಕೆಲಸ. ಸಿಸ್ಟಮ್‌ಡಿ (ಕಂಪ್ಯೂಟರ್ ಆನ್ ಆದಾಗ ಉಳಿದ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಇರುವ ಲಿನಕ್ಸ್‌ಗಳಲ್ಲಿ ‘ಟೆಂಪ್‌ಫೈಲ್ಸ್’ ಅಂತ ಒಂದು ಪ್ರೋಗ್ರಾಂ ಇದೆ. ಕಂಪ್ಯೂಟರ್ ಆನ್ ಆಗಿ 15 ನಿಮಿಷಕ್ಕೆ ಒಮ್ಮೆ, ಆಮೇಲೆ ದಿನಕ್ಕೊಮ್ಮೆ ಓಡುತ್ತದೆ. ಅದರ ಮೂಲ ಸೆಟ್ಟಿಂಗ್ ಪ್ರಕಾರ ‘ಟೆಂಪ್’ನಲ್ಲಿ 10 ದಿನ, ‘ವಾರ್’ ಒಳಗಿನ ‘ಟೆಂಪ್’ನಲ್ಲಿ 30 ದಿನ ಯಾರೂ ಮುಟ್ಟದ ಫೈಲುಗಳು ಹೋಗುತ್ತವೆ. ಹಳೆಯದರಲ್ಲಿ ಹೀಗೆ ಆಗಿರಲಿಲ್ಲ ಎಂದರೆ ಅದಕ್ಕೂ ಕಾರಣ ಇದೆ. ಎಲ್ಲ ಲಿನಕ್ಸ್‌ಗಳೂ ಈ ಸೆಟ್ಟಿಂಗ್ ಇಟ್ಟುಕೊಂಡಿರಲಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಅಂತೂ 2025ರ 13ನೇ ಆವೃತ್ತಿಯಲ್ಲಿ ಮಾತ್ರ ಇದನ್ನು ಒಪ್ಪಿಕೊಂಡಿತು, ಅದೂ ಹೊಸದಾಗಿ ಹಾಕಿಕೊಂಡವರಿಗೆ.

ಈಗ ಫೋಲ್ಡರ್ ಹೇಗೆ ಉಳಿಯಿತು ಎನ್ನುವುದು. ಪ್ರತಿ ಫೈಲಿಗೂ ಮೂರು ಸಮಯ ಇರುತ್ತದೆ: ಕೊನೆಗೆ ಓದಿದ್ದು, ಒಳಗಿನದನ್ನು ತಿದ್ದಿದ್ದು, ಹೆಸರು-ಪರ್ಮಿಷನ್ ಥರದ ವಿವರ ಬದಲಾದದ್ದು. ಮೂರೂ ಹಳೆಯದಾದರೆ ಮಾತ್ರ ಫೈಲ್ ಹೋಗುತ್ತದೆ. ಫೋಲ್ಡರಿಗೆ ಮೂರನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೊದಲ ಎರಡೇ. ಫೋಲ್ಡರನ್ನು ‘ಓದುವುದು’ ಎಂದರೆ ಅದರೊಳಗಿನ ಹೆಸರುಗಳ ಪಟ್ಟಿ ತೆಗೆಯುವುದು, ಅಷ್ಟೇ. ನಿಮ್ಮ ರಾತ್ರಿ ಸ್ಕ್ರಿಪ್ಟ್ ಮಾಡುತ್ತಿದ್ದದ್ದು ಅದನ್ನೇ. ಪಟ್ಟಿ ತೆಗೆದು, ಪ್ರತಿ ಫೋಟೋದ ಸೈಜ್ ಎಷ್ಟು ಅಂತ ಕೇಳಿ ಮುಂದೆ ಹೋಗುತ್ತಿತ್ತು. ಸೈಜ್ ಕೇಳಿದರೆ ಫೋಟೋ ಓದಿದ ಹಾಗೆ ಆಗುವುದಿಲ್ಲ. ಹಾಗಾಗಿ ಫೋಲ್ಡರ್ ದಿನಾ ಹೊಸದಾಗುತ್ತಿತ್ತು, ಫೋಟೋಗಳು ಸುಮ್ನೆ ಹಳತಾಗುತ್ತಿದ್ದವು. ಬಾಗಿಲು ತೆಗೆದು ಇಣುಕಿದರೆ ಒಳಗೆ ಮಲಗಿದವನಿಗೆ ಊಟ ಬಡಿಸಿದ ಹಾಗೆ ಆಗುತ್ತದೆಯೇ?

ಹಾಗಾದರೆ ಗುಡಿಸುವವನೂ ದಿನಾ ಇಣುಕುತ್ತಾನಲ್ಲ, ಅವನಿಂದಲೇ ಎಲ್ಲ ಫೋಲ್ಡರ್‌ಗಳೂ ಹೊಸದಾಗಬೇಕಲ್ವಾ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಅದಕ್ಕೇ ಅವನು ಫೋಲ್ಡರ್ ತೆರೆಯುವಾಗಲೇ ‘ಓದಿದ ಸಮಯ ಬದಲಿಸಬೇಡ’ ಅಂತ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಹೇಳಿಯೇ ತೆರೆಯುತ್ತಾನೆ. ಒಳಗಿನ ಫೈಲ್ ಅಳಿಸಿದಾಗ ಫೋಲ್ಡರಿನ ತಿದ್ದಿದ ಸಮಯ ಬದಲಾಗುತ್ತದೆ, ಅದನ್ನೂ ಹಳೆಯದಕ್ಕೇ ವಾಪಸ್ ಇಟ್ಟು ಹೋಗುತ್ತಾನೆ. ನನಗೆ ಈ ಪ್ರೋಗ್ರಾಂನಲ್ಲಿ ತುಂಬ ಇಷ್ಟವಾದ ಕೆಲಸ ಇದು. ಕೈಯಲ್ಲಿ ಬರೆದ ಕ್ಲೀನಪ್ ಸ್ಕ್ರಿಪ್ಟ್‌ಗಳಲ್ಲಿ ಇದನ್ನು ಯಾರೂ ನೆನಪಿಡುವುದಿಲ್ಲ. ಆದ್ದರಿಂದಲೇ ಖಾಲಿ ಫೋಲ್ಡರ್‌ಗಳ ರಾಶಿ ಬೀಳುತ್ತದೆ.

ಫೋಟೋ ವಾಪಸ್ ಬೇಕಿದ್ದರೆ ಮೊದಲು ಕ್ಯಾಮೆರಾ ಕಾರ್ಡ್ ನೋಡಿ, ಅದು ಅಳಿಸಿ ಹೋಗಿರದಿದ್ದರೆ ನಿಮ್ಮ ಅದೃಷ್ಟ. ಇನ್ನು ಮುಂದೆ ಗಿರಾಕಿಗಳ ಫೋಟೋ ಹೋಮ್ ಫೋಲ್ಡರ್‌ನಲ್ಲಿಡಿ. ‘ಟೆಂಪ್’ ಎಂಬ ಹೆಸರಿನ ಜಾಗದಲ್ಲಿ ದುಡ್ಡು ಕೊಟ್ಟವರ ಕೆಲಸ ಇಡುವುದು ಬೇಡ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ನ ಡೇಟಾ ಫೈಲುಗಳು ‘ಟೆಂಪ್’ನಲ್ಲಿದ್ದವು. ನನ್ನ ಪ್ರೋಗ್ರಾಂ ಅವನ್ನು ದಿನಾ ಓದುತ್ತಿತ್ತು. ಆದರೂ ಮಾಯ! ಎಸ್‌ಎಸ್‌ಡಿಗೆ ಒಳ್ಳೆಯದು ಅಂತ ಸೀನಿಯರ್ ಹೇಳಿದ್ದಕ್ಕೆ ‘ನೋಎಟೈಮ್’ ಎಂಬ ಡಿಸ್ಕ್ ಸೆಟ್ಟಿಂಗ್ ಹಾಕಿದ್ದೆ, ಅದರಿಂದ ಇರಬಹುದಾ?

ಉತ್ತರ: ಅದರಿಂದಲೇ. ‘ನೋಎಟೈಮ್’ ಹಾಕಿದರೆ ಓದಿದ ಸಮಯವನ್ನು ಯಾರೂ ಬರೆದಿಡುವುದಿಲ್ಲ. ನೀವು ದಿನಕ್ಕೆ ನೂರು ಸಲ ಓದಿದರೂ ಗುಡಿಸುವವನ ಕಣ್ಣಿಗೆ ಅದು ಯಾರೂ ಮುಟ್ಟದ ಫೈಲ್. ಅದನ್ನು ತೆಗೆದುಬಿಡಿ. 2009ರ 2.6.30 ಕರ್ನಲ್‌ನಿಂದ ‘ರೆಲ್‌ಎಟೈಮ್’ ತಾನಾಗಿಯೇ ಇರುತ್ತದೆ: ಹಿಂದೆ ಬರೆದಿಟ್ಟ ಓದಿದ ಸಮಯ ಒಂದು ದಿನಕ್ಕಿಂತ ಹಳೆಯದಾಗಿದ್ದರೆ, ಇಲ್ಲವೇ ಅದಾದ ಮೇಲೆ ಫೈಲ್ ಬದಲಾಗಿದ್ದರೆ ಮಾತ್ರ ಹೊಸದಾಗಿ ಬರೆಯುತ್ತದೆ. ಡಿಸ್ಕಿಗೆ ಅದೇನು ದೊಡ್ಡ ಹೊರೆಯಲ್ಲ. 10 ದಿನದ ಲೆಕ್ಕಕ್ಕೆ ಅಷ್ಟು ಸಾಕು.

ಹೇಗಾದರೂ ಅಲ್ಲೇ ಇಡಬೇಕು ಅಂತಿದ್ದರೆ ‘ಇಟಿಸಿ’ ಒಳಗಿನ ‘ಟೆಂಪ್‌ಫೈಲ್ಸ್ ಡಾಟ್ ಡಿ’ಯಲ್ಲಿ ಒಂದು ‘ಕಾನ್ಫ್’ ಫೈಲ್ ಮಾಡಿ, ಚಿಕ್ಕ ಅಕ್ಷರದ ‘ಎಕ್ಸ್’ ಬರೆದು ಪಕ್ಕದಲ್ಲಿ ಫೋಲ್ಡರಿನ ಪಾತ್ ಕೊಡಿ. ದೊಡ್ಡ ಅಕ್ಷರದ ‘ಎಕ್ಸ್’ ಬೇಡ, ಅದು ಫೋಲ್ಡರನ್ನು ಮಾತ್ರ ಉಳಿಸುತ್ತದೆ, ಒಳಗಿನದನ್ನಲ್ಲ. ಮೇಲಿನ ಸ್ಟುಡಿಯೋದವರ ಕಥೆಯೇ ಆಗುತ್ತದೆ! ಪ್ರೋಗ್ರಾಂ ನಡೆಯುತ್ತಿರುವಷ್ಟು ಹೊತ್ತು ಸಾಕಾದರೆ ಫೋಲ್ಡರಿನ ಮೇಲೆ ‘ಎಫ್‌ಲಾಕ್’ (ಇದು ಬಳಕೆಯಲ್ಲಿದೆ ಎಂದು ಹೇಳುವ ಬೀಗ) ಹಿಡಿದಿಡಿ, ಗುಡಿಸುವವನು ಅದನ್ನು ದಾಟಿ ಹೋಗುತ್ತಾನೆ.

ಪ್ರಶ್ನೆ: ಯಾವುದು ಅಳಿಸಿ ಹೋಗುತ್ತದೆ ಅಂತ ಮೊದಲೇ ನೋಡಲು ಆಗುತ್ತದಾ? (ಬಿಜೈ, ಮಂಗಳೂರು)

ಉತ್ತರ: ಆಗುತ್ತದೆ. ಸಿಸ್ಟಮ್‌ಡಿ 256 ಅಥವಾ ಅದರ ನಂತರದ್ದಾದರೆ ‘ಟೆಂಪ್‌ಫೈಲ್ಸ್’ ಕಮಾಂಡಿಗೆ ‘ಕ್ಲೀನ್’ ಜೊತೆ ‘ಡ್ರೈ ರನ್’ ಸೇರಿಸಿ, ಏನನ್ನೂ ಮುಟ್ಟದೆ ಪಟ್ಟಿ ತೋರಿಸುತ್ತದೆ. ಅದೇ ಆವೃತ್ತಿಯಲ್ಲಿ ಬಂದ ‘ಪರ್ಜ್’ ಎಂಬ ಆಯ್ಕೆಯ ಹತ್ತಿರ ಮಾತ್ರ ಕುತೂಹಲಕ್ಕೂ ಹೋಗಬೇಡಿ. ಅದು ತಾತ್ಕಾಲಿಕ ಫೈಲುಗಳಿಗೆ ಸೀಮಿತ ಅಲ್ಲ, 2024ರಲ್ಲಿ ಮೊದಲು ಬಂದಾಗ ‘ಟೆಂಪ್‌ಫೈಲ್ಸ್’ನ ಸೆಟ್ಟಿಂಗ್ ಫೈಲುಗಳು ಹುಟ್ಟಿಸಿದ್ದನ್ನೆಲ್ಲ ತೆಗೆಯುತ್ತಿತ್ತು (ಆಮೇಲೆ ಬಿಗಿ ಮಾಡಿದರು), ಮತ್ತು ಹೋಮ್ ಫೋಲ್ಡರಿನ ಹೆಸರೂ ಆ ಸೆಟ್ಟಿಂಗ್‌ಗಳಲ್ಲಿ ಇದೆ.