ಯಾವುದರ ಎಡಕ್ಕೆ?

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಯ ಕನ್ನಡ ಕುಟುಂಬ. ಗಂಡ, ಹೆಂಡತಿ, 11 ವರ್ಷದ ಮಗಳು. ಮೈಸೂರಿನಿಂದ ಗಂಡನ ಅಪ್ಪ, ಅಮ್ಮ ಬಂದಿದ್ದರು. ಎಲ್ಲರೂ ಸೇರಿ ಗ್ರ್ಯಾಂಡ್ ಕ್ಯಾನ್ಯನ್ ನೋಡೋಣ ಅಂತ ಒಳಗೇ ಒಲೆ, ಟಾಯ್ಲೆಟ್ ಇರುವ 22 ಅಡಿಯ ಟ್ರೇಲರ್ ಬಾಡಿಗೆಗೆ ತಗೊಂಡು, ಪಿಕಪ್‌ಗೆ ಕಟ್ಟಿಕೊಂಡು ಹೊರಟರು. ವಾಪಸ್ ಬಂದ ಮೇಲೆ ಮೂರು ವಾರ ಗಂಡ ಹೆಂಡತಿ ಸರಿಯಾಗಿ ಮಾತಾಡಿಲ್ಲ. ಆಮೇಲೆ ಇಬ್ಬರೂ ನನ್ನ ಹತ್ತಿರ ಹೇಳಿಕೊಂಡರು.

"ಎಲ್ಲರ ಮುಂದೆ ಕೂಗಿಬಿಟ್ಟರು" ಅಂದರು ಹೆಂಡತಿ.

"ಇವಳು ಎಡಕ್ಕೆ ಅಂದಳು. ನಾನು ಎಡಕ್ಕೇ ತಿರುಗಿಸಿದೆ" ಅಂದರು ಗಂಡ.

ಇದು ನಡೆದದ್ದು ಮೊದಲ ರಾತ್ರಿ, ದಾರಿಯಲ್ಲಿ ಸಿಗುವ ಬಾರ್‌ಸ್ಟೋ ಊರಿನ ಹತ್ತಿರದ ಒಂದು ಕ್ಯಾಂಪ್‌ನಲ್ಲಿ. ಮ್ಯಾಪ್ ತೋರಿಸಿದ್ದು ಬರೀ ಕಾರು ಹೋಗುವ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿ ಗಂಟೆಗೆ 55 ಮೈಲಿ ಮೀರುವಂತಿಲ್ಲ. ಸಂಜೆ ಬೆಳಕಲ್ಲಿ ತಲುಪಬೇಕಾದವರು ಕತ್ತಲಾದ ಮೇಲೆ ತಲುಪಿದರು. ಎಲ್ಲರಿಗೂ ಹಸಿವು. ಟ್ರೇಲರಿನ ಟಾಯ್ಲೆಟ್ ಒಲೆಯ ಪಕ್ಕದಲ್ಲೇ ಇದೆ ಅಂತ ಅತ್ತೆ ಬೆಳಗ್ಗೆಯಿಂದ ನೀರೇ ಸರಿಯಾಗಿ ಕುಡಿದಿರಲಿಲ್ಲ.

ಹೆಂಡತಿ ಫೋನಿನ ಟಾರ್ಚ್ ಹಿಡಿದು ಹಿಂದೆ ನಿಂತರು. ಗಾಡಿಯೊಳಗಿಂದ ಮಾವ "ಬಾ, ಬಾ, ಇನ್ನೂ ಜಾಗ ಇದೆ" ಅನ್ನುತ್ತಿದ್ದರು. "ಎಡಕ್ಕೆ ರೀ" ಅಂದರು ಹೆಂಡತಿ. ಗಂಡ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರು. ರಿವರ್ಸ್‌ನಲ್ಲಿ ಟ್ರೇಲರ್ ಸ್ಟೀರಿಂಗ್‌ಗೆ ಉಲ್ಟಾ ಹೋಗುತ್ತದೆ. ಹಿಂಭಾಗ ಬಲಕ್ಕೆ ಹೊರಳಿತು. "ನಿಲ್ಸಿ, ನಿಲ್ಸಿ!" ಅನ್ನುವಷ್ಟರಲ್ಲಿ ಕರೆಂಟ್ ಕೊಡುವ ಕಂಬಕ್ಕೆ ಗುದ್ದಿ ಟ್ರೇಲರಿನಲ್ಲಿ ಅಂಗೈ ಅಗಲ ತಗ್ಗಾಯಿತು. ಗಂಡ ಇಳಿದು ಬಂದವರೇ, "ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಾ?" ಅಂದರು. ಅತ್ತೆ, ಮಾವ, ಮಗಳು, ಪಕ್ಕದ ಟೆಂಟಿನವರು, ಎಲ್ಲರಿಗೂ ಕೇಳಿಸಿತು.

ಹೆಂಡತಿ ಹೇಳಿದ ಎಡ ಟ್ರೇಲರಿನ ಹಿಂಭಾಗದ್ದು. ಗಂಡನಿಗೆ ಕೇಳಿಸಿದ ಎಡ ಸ್ಟೀರಿಂಗಿನದು. ಇಲ್ಲಿಯವರೆಗೆ ಇಬ್ಬರದೂ ತಪ್ಪಿಲ್ಲ. ಆದರೆ ಆ ಕೂಗು ತಪ್ಪು. ಇದನ್ನು ನಾನು ಗಂಡನಿಗೆ ನೇರವಾಗಿಯೇ ಹೇಳಿದೆ. ತಗ್ಗು ರಿಪೇರಿ ಆಗುತ್ತೆ, ಅತ್ತೆ ಮಾವನ ಮುಂದೆ ತಲೆ ತಗ್ಗಿಸಿ ನಿಂತದ್ದು ಅಷ್ಟು ಬೇಗ ಹೋಗಲ್ಲ. ಕೂಗಿದ್ದು ಅವರ ಎದುರಿಗೆ ಅಂದ ಮೇಲೆ ಕ್ಷಮೆಯನ್ನೂ ಅವರ ಎದುರಿಗೇ ಕೇಳಿ, ಮಗಳೂ ಅಲ್ಲಿರಲಿ ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಆಯ್ತು" ಅಂದರು.

ಇನ್ನೊಂದು ಮಾತು ಇಬ್ಬರಿಗೂ ಹೇಳಿದೆ. ಟ್ರೇಲರಿನ ನೇರ ಹಿಂದೆ ಏನಿದೆ ಅಂತ ಕನ್ನಡಿಯಲ್ಲಿ ಕಾಣಲ್ಲ. ಕಾಣುವುದು ಹೊರಗೆ ನಿಂತವರಿಗೆ. ಹಾಗಾಗಿ ಅವರು "ನಿಲ್ಸಿ" ಅಂದ ಕೂಡಲೇ ಬ್ರೇಕ್, ಯಾಕೆ ಅಂತ ಕೇಳುವುದು ಆಮೇಲೆ. ಇಬ್ಬರೂ ಫೋನಿನಲ್ಲಿ ಮಾತಾಡಿ, ಅದು ಸ್ಪೀಕರಿನಲ್ಲಿರಲಿ, ಗಾಡಿಯೊಳಗೆ ಬೇರೆ ಯಾರೂ ಮಾತಾಡಬಾರದು, ಮಾವನವರೂ ಸೇರಿ. ಸ್ಟೀರಿಂಗನ್ನು ಕೆಳಗಡೆ ಹಿಡಿಯಿರಿ. ಆಗ ಕೈ ಯಾವ ಕಡೆಗೋ ಟ್ರೇಲರಿನ ಹಿಂಭಾಗವೂ ಆ ಕಡೆಗೆ. ಕತ್ತಲಾಗುವ ಮುಂಚೆ ತಲುಪಿ. ಅತ್ತೆಗೆ ದಾರಿಯಲ್ಲಿ ಎರಡು ಗಂಟೆಗೊಮ್ಮೆ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿ.

ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿ, ಆದರೆ ಒಬ್ಬರ ಕೆಲಸ ಇನ್ನೊಬ್ಬರು ಮಾಡಿ ಅಂತಲೂ ಹೇಳಿದ್ದೆ. ಒಂದು ಭಾನುವಾರ ಬೆಳಗ್ಗೆ ಹೆಂಡತಿ ಸ್ಟೀರಿಂಗ್ ಹಿಡಿದರು, ಗಂಡ ಹಿಂದೆ ನಿಂತರು. ಎರಡೇ ನಿಮಿಷಕ್ಕೆ ಗಂಡ "ಎಡಕ್ಕೆ, ಎಡಕ್ಕೆ!" ಅಂತ ಕೂಗಿದರಂತೆ. ಹೆಂಡತಿ ಬ್ರೇಕ್ ಒತ್ತಿ ಫೋನಿನಲ್ಲಿ ಕೇಳಿದರಂತೆ: "ಯಾವುದರ ಎಡಕ್ಕೆ ರೀ?"

ಪಕ್ಕದಲ್ಲಿ ನಿಂತಿದ್ದ ಮಗಳೇ ಉತ್ತರ ಕೊಟ್ಟಳಂತೆ. "ಬಾಲ ಎಡಕ್ಕೆ ಅಂತ ಹೇಳಪ್ಪಾ." ಈಗ ಮನೆಯವರೆಲ್ಲ ಹಾಗೇ ಹೇಳುತ್ತಾರೆ.