ಹೊರಗಿನಿಂದ ಬಂದ ಗವರ್ನರ್: ಸನ್ನಿವೇಲ್‌ನ ಗೆಳೆಯರಿಗೆ ಒಂದು ಉತ್ತರ

ಆತ್ಮೀಯರೇ,

ನೀವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ನಾಲ್ಕು ತಿಂಗಳಾಯಿತೆಂದೂ, ಆಫೀಸಿನಲ್ಲಿ ಊಟಕ್ಕೆ ಕೂತಾಗ ರಾಜಕೀಯದ ಸೋಂಕಿಲ್ಲದ ಯಾರಾದರೂ ಬಂದು ಈ ರಾಜ್ಯವನ್ನು ಗುಡಿಸಿ ಸ್ವಚ್ಛ ಮಾಡಬೇಕೆಂಬ ಮಾತು ದಿನವೂ ಕೇಳಿಬರುತ್ತದೆಂದೂ, ಊರಿನ ರಾಜಕಾರಣಿಗಳನ್ನು ಕಂಡು ಬೇಸತ್ತು ಬಂದ ನಿಮಗೂ ಅದು ಸರಿಯೆನಿಸುತ್ತದೆಂದೂ ಬರೆದಿದ್ದೀರಿ. ಇಲ್ಲಿ ಅದು ನಡೆಯುವ ಮಾತೇ, ಮತದಾನದ ಹಕ್ಕಿಲ್ಲದ ನಾನು ಇದಕ್ಕೆ ತಲೆ ಕೊಡಬೇಕೇ ಎಂದು ಕೇಳಿದ್ದೀರಿ. ಬಾಡಿಗೆ ಮನೆ, ಕಾರು, ಮಕ್ಕಳ ಶಾಲೆಗಳ ಬಗ್ಗೆ ಹೇಳಿಕೊಡುವವರು ನಿಮ್ಮ ಸುತ್ತಲೇ ಬಹಳ ಮಂದಿ ಸಿಗುತ್ತಾರೆ. ಆದ್ದರಿಂದ ನಾನು ಈ ಒಂದು ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ.

ನಾನು 1998ರಲ್ಲಿ ಫ್ರೀಮಾಂಟ್‌ಗೆ ಬಂದವನು. ನಿಮ್ಮ ಗೆಳೆಯರು ಬಯಸುತ್ತಿರುವುದು ಕ್ಯಾಲಿಫೋರ್ನಿಯಾದಲ್ಲಿ ಒಮ್ಮೆ ನಡೆದೇ ಹೋಗಿದೆ, ಮತ್ತು ಅದನ್ನು ಮೊದಲಿನಿಂದ ಕೊನೆಯವರೆಗೆ ನಾನು ಕಂಡಿದ್ದೇನೆ. 2003ರ ಅಕ್ಟೋಬರ್ 7ರಂದು ಈ ರಾಜ್ಯದ ಜನ, ಹಿಂದಿನ ನವೆಂಬರ್‌ನಲ್ಲಷ್ಟೇ ಎರಡನೆಯ ಬಾರಿಗೆ ಆರಿಸಿದ್ದ ಗವರ್ನರ್ (ಇಲ್ಲಿ ನಮ್ಮ ಮುಖ್ಯಮಂತ್ರಿಯಂತೆ ರಾಜ್ಯವನ್ನು ನಡೆಸುವವರು) ಗ್ರೇ ಡೇವಿಸ್ ಅವರನ್ನು ಅವಧಿ ಮುಗಿಯುವ ಮೊದಲೇ ಮತ ಹಾಕಿ ಅಧಿಕಾರದಿಂದ ವಾಪಸು ಕರೆಸಿ, ಅದುವರೆಗೆ ಯಾವ ಚುನಾಯಿತ ಸ್ಥಾನದಲ್ಲೂ ಇರದಿದ್ದ ಚಿತ್ರನಟ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಅವರನ್ನು ಕೂರಿಸಿದರು.

ಆ ಸಿಟ್ಟು ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಅದನ್ನು ಜನರ ಮೂರ್ಖತನವೆಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. 2001ರ ಜನವರಿಯಲ್ಲಿ, ಜಗತ್ತಿನ ಕಂಪ್ಯೂಟರ್ ಉದ್ಯಮದ ತವರೆನಿಸಿಕೊಂಡ ಈ ಸೀಮೆಯಲ್ಲಿ ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದರು. ಊರಿನಲ್ಲಿ ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಅದು ಸಹ್ಯವಾಗಿತ್ತು. ಇಲ್ಲಿ ಹುಟ್ಟಿ ಬೆಳೆದವರಿಗೆ ಅದು ಅವಮಾನವಾಗಿತ್ತು. 1996ರಲ್ಲಿ ವಿದ್ಯುತ್ ಮಾರುಕಟ್ಟೆಯನ್ನು ಸಡಿಲಿಸಿದ ಕಾನೂನಿನ ಲೋಪಗಳನ್ನು ಬಳಸಿಕೊಂಡು ವ್ಯಾಪಾರಿ ಕಂಪನಿಗಳು ಕೃತಕ ಅಭಾವ ಸೃಷ್ಟಿಸಿದ್ದವೆಂಬುದು ಆಮೇಲೆ ಬಯಲಾಯಿತು. ಆ ಕಾನೂನು ಡೇವಿಸ್ ಅವರ ಕಾಲದ್ದಲ್ಲ, ಆದರೆ ದೀಪ ಆರಿದಾಗ ಕುರ್ಚಿಯಲ್ಲಿದ್ದವರು ಅವರೇ. ಅದರ ಬೆನ್ನಿಗೇ ಡಾಟ್‌ಕಾಂ ಕಂಪನಿಗಳು ಮುಳುಗಿದವು, ನನ್ನ ಕೆಲಸವೂ ಹೋಯಿತು, ರಾಜ್ಯದ ಬಜೆಟ್ ಕೊರತೆ 38 ಬಿಲಿಯನ್ ಡಾಲರಿಗೆ ಮುಟ್ಟಿತು. ಅದನ್ನು ತುಂಬಲು, ಒಳ್ಳೆಯ ಕಾಲದಲ್ಲಿ ಇಳಿಸಿದ್ದ ವಾಹನ ಶುಲ್ಕವನ್ನು ಕಾರಿನ ಬೆಲೆಯ ಶೇಕಡಾ 0.65ರಿಂದ ಹಳೆಯ ಶೇಕಡಾ 2ಕ್ಕೆ ಏರಿಸಿದರು. ಅಂದರೆ 20,000 ಡಾಲರ್ ಬೆಲೆಯ ಕಾರಿಗೆ ವರ್ಷಕ್ಕೆ 130 ಡಾಲರ್ ಕಟ್ಟುತ್ತಿದ್ದವರು 400 ಕಟ್ಟಬೇಕಾಯಿತು.

ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮ ನೆರೆಮನೆಯ ಹಿರಿಯರೊಬ್ಬರು 2002ರಲ್ಲಿ ಡೇವಿಸ್ ಅವರಿಗೇ ಮತ ಹಾಕಿದ್ದರು. ಮರುವರ್ಷ ಆ ಶುಲ್ಕದ ಚೀಟಿಯನ್ನು ನನ್ನ ಕೈಗಿಟ್ಟು, ಸಿನಿಮಾದವನು ಎಂಬುದು ತನಗೆ ಮುಖ್ಯವಲ್ಲ, ಸ್ವಂತ ದುಡ್ಡಿರುವ ಈತ ಯಾರ ಹಂಗಿನಲ್ಲೂ ಇಲ್ಲ, ಅದು ಸಾಕು ಎಂದರು. ಹೊರಗಿನವರ ಆಕರ್ಷಣೆಯ ತಿರುಳು ಆ ಮಾತಿನಲ್ಲಿದೆಯೆಂದು ನಾನು ಇಂದಿಗೂ ನಂಬಿದ್ದೇನೆ. ಆ ಹಿರಿಯರು ಹುಡುಕುತ್ತಿದ್ದದ್ದು ಋಣವಿಲ್ಲದ ಮನುಷ್ಯನನ್ನು. ಅನುಭವವಿಲ್ಲದಿರುವುದು ಅವರ ಕಣ್ಣಿಗೆ ಋಣವಿಲ್ಲದಿರುವುದರ ಪುರಾವೆಯಾಗಿ ಕಂಡಿತ್ತು. ಶ್ವಾರ್ಜ್‌ನೆಗ್ಗರ್ ಅವರು 1968ರಲ್ಲಿ ಆಸ್ಟ್ರಿಯಾದಿಂದ ಬಂದು 1983ರಲ್ಲಿ ಪೌರತ್ವ ಪಡೆದವರು. ನಮ್ಮಂಥ ವಲಸಿಗರಿಗೂ ಅದು ಹೆಮ್ಮೆಯ ವಿಷಯವಾಗಿತ್ತು. ಟೆಲಿವಿಷನ್ನಿನ ರಾತ್ರಿ ಕಾರ್ಯಕ್ರಮವೊಂದರಲ್ಲಿ ಸ್ಪರ್ಧೆ ಘೋಷಿಸಿ, ಎರಡೇ ತಿಂಗಳಲ್ಲಿ ಗೆದ್ದರು. 3,500 ಡಾಲರ್ ಶುಲ್ಕ ಮತ್ತು 65 ಸಹಿಗಳಿದ್ದರೆ ಯಾರು ಬೇಕಾದರೂ ನಿಲ್ಲಬಹುದಾಗಿದ್ದ ಆ ಚುನಾವಣೆಯ ಮತಪತ್ರದಲ್ಲಿ 135 ಹೆಸರುಗಳಿದ್ದವು. ಅವುಗಳ ನಡುವೆ ಇವರೊಬ್ಬರಿಗೇ ಶೇಕಡಾ 48ಕ್ಕಿಂತ ಹೆಚ್ಚು ಮತ ಬಿತ್ತು. ಗೋಕಾಕ್ ಚಳವಳಿಯ ಕಾಲದಲ್ಲಿ ಲಕ್ಷಾಂತರ ಜನ ಹಿಂದೆ ನಿಂತಿದ್ದರೂ ನಮ್ಮ ಡಾ. ರಾಜ್‌ಕುಮಾರ್ ಅವರು ಚುನಾವಣೆಗೆ ಇಳಿಯಲಿಲ್ಲವೆಂಬುದು ಆ ರಾತ್ರಿ ಫಲಿತಾಂಶ ನೋಡುತ್ತಾ ನನಗೆ ನೆನಪಾಗಿತ್ತು. ಜನರ ಪ್ರೀತಿಗೂ ಆಡಳಿತಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರೆಂದು ನನ್ನ ಭಾವನೆ.

ನವೆಂಬರ್ 17ರಂದು ಪ್ರಮಾಣ ವಚನ ಸ್ವೀಕರಿಸಿದ ದಿನವೇ ಹೊಸ ಗವರ್ನರ್ ವಾಹನ ಶುಲ್ಕದ ಏರಿಕೆಯನ್ನು ರದ್ದು ಮಾಡಿದರು, ಮಾತು ಉಳಿಸಿಕೊಂಡರು. ಆದರೆ ಆ ಹಣ ಪೊಲೀಸ್, ಅಗ್ನಿಶಾಮಕ ದಳಗಳನ್ನು ನಡೆಸುವ ನಗರಗಳಿಗೆ ಮತ್ತು ಜಿಲ್ಲೆಗಳಂಥ ಕೌಂಟಿಗಳಿಗೆ ಹೋಗುವಂಥದ್ದು. ಅವುಗಳಿಗೆ ತಪ್ಪಿದ ವರ್ಷಕ್ಕೆ ಸುಮಾರು 4 ಬಿಲಿಯನ್ ಡಾಲರನ್ನು ರಾಜ್ಯವೇ ತುಂಬಿಕೊಡಬೇಕಾಗಿ, ಮೊದಲೇ ಬರಿದಾಗಿದ್ದ ಬೊಕ್ಕಸ ಇನ್ನಷ್ಟು ಬರಿದಾಯಿತು. ಮುಂದಿನ ಮಾರ್ಚ್‌ನಲ್ಲಿ ಮತದಾರರ ಒಪ್ಪಿಗೆ ಪಡೆದು 15 ಬಿಲಿಯನ್ ಡಾಲರಿನ ಬಾಂಡ್ ಸಾಲ ಎತ್ತಬೇಕಾಯಿತು. ಯಾರ ದೇಣಿಗೆಯೂ ಬೇಡವೆಂದಿದ್ದವರು ದೊಡ್ಡ ದೇಣಿಗೆಗಳನ್ನೇ ಸಂಗ್ರಹಿಸಿದರು. ನಮ್ಮ ನೆರೆಯವರಿಗೆ ಆದ ನೋವು ಈ ಕೊನೆಯ ವಿಷಯದ್ದು, ಸಾಲದ್ದಲ್ಲ.

ಇಲ್ಲಿಗೆ ಬಂದ ಹೊಸಬರಿಗೆ ತಿಳಿಯದೇ ಇರುವುದು ಇದರ ಹಿಂದಿನ ಬೀಗ. 1978ರ ಪ್ರೊಪೊಸಿಷನ್ 13ರ (ಪ್ರೊಪೊಸಿಷನ್ ಅಂದರೆ ಮತದಾರರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವ) ಪ್ರಕಾರ ಆಸ್ತಿ ತೆರಿಗೆ ಕಟ್ಟುನಿಟ್ಟಾಗಿ ಮಿತಿಗೊಂಡಿದೆ, ಶಾಸನಸಭೆ ತೆರಿಗೆ ಏರಿಸಲು ಮೂರನೆಯ ಎರಡು ಭಾಗ ಸದಸ್ಯರ ಒಪ್ಪಿಗೆ ಬೇಕು. 1988ರ ಪ್ರೊಪೊಸಿಷನ್ 98ರ ಪ್ರಕಾರ ರಾಜ್ಯದ ಆದಾಯದ ದೊಡ್ಡ ಪಾಲು ಶಾಲೆಗಳಿಗೆ ಮೀಸಲು. ಆಗ ಬಜೆಟ್ ಅಂಗೀಕಾರಕ್ಕೂ ಮೂರನೆಯ ಎರಡರ ಬಹುಮತ ಬೇಕಾಗಿತ್ತು, ಹಾಗಾಗಿ ಅಲ್ಪಸಂಖ್ಯೆಯ ಗುಂಪೊಂದು ಪ್ರತಿ ಬೇಸಿಗೆಯಲ್ಲೂ ಬಜೆಟ್ಟನ್ನು ತಡೆಹಿಡಿಯಬಹುದಾಗಿತ್ತು. ಇವುಗಳಲ್ಲಿ ಹೆಚ್ಚಿನವು ಮತದಾರರೇ ನೇರವಾಗಿ ಬರೆದ ಕಾನೂನುಗಳು. ಪೊರಕೆ ಹಿಡಿದು ಬಂದವರಿಗೆ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಸಿಕ್ಕಿದ್ದು ಕಸಕ್ಕಿಂತ ಹೆಚ್ಚಾಗಿ ಈ ಕಟ್ಟಳೆಗಳು. 2005ರಲ್ಲಿ ಅವರು ಶಾಸಕರನ್ನು ಬದಿಗಿಟ್ಟು ನೇರವಾಗಿ ಜನರ ಮುಂದೆ ನಾಲ್ಕು ಪ್ರಸ್ತಾವಗಳನ್ನು ಇಟ್ಟರು. ಶಿಕ್ಷಕರು, ದಾದಿಯರು, ಅಗ್ನಿಶಾಮಕ ಸಿಬ್ಬಂದಿ ಎದುರು ನಿಂತರು, ನಾಲ್ಕೂ ಬಿದ್ದುಹೋದವು. ಮರುವರ್ಷ ವಿರೋಧ ಪಕ್ಷದವರೊಡನೆ ಕೂತು ಮಾತಾಡಿದಾಗಲೇ ಹವಾಮಾನ ಬದಲಾವಣೆಯ ಕಾನೂನಿನಂಥ ಗಟ್ಟಿ ಕೆಲಸವಾಯಿತು, ಮರು ಆಯ್ಕೆಯೂ ಆಯಿತು. ಆದರೆ 2009ರ ಜುಲೈನಲ್ಲಿ ಕೊರತೆ ಮತ್ತೆ ಬೆಟ್ಟದಷ್ಟಾಗಿ, ರಾಜ್ಯ ತಾನು ಹಣ ಕೊಡಬೇಕಾಗಿದ್ದವರಿಗೆ ಹಣದ ಬದಲು ‘ಮುಂದೆ ಕೊಡುತ್ತೇವೆ’ ಎಂಬ ಚೀಟಿಗಳನ್ನು ಹಂಚಿತು. ಆರು ವರ್ಷದ ಹಿಂದೆ ಅವರನ್ನು ಕರೆತಂದ ಅದೇ ಕೊರತೆ, ಅದೇ ಸಿಟ್ಟು.

ಅವರ ಕಾಲದಿಂದ ಉಳಿದು ಬಂದ ಒಳ್ಳೆಯದೂ ಇದೆ, ಅದನ್ನು ಮರೆಮಾಚುವುದು ಅನ್ಯಾಯ. ಶಾಸಕರು ತಮ್ಮ ಕ್ಷೇತ್ರದ ಗಡಿಗಳನ್ನು ತಾವೇ ಎಳೆದುಕೊಳ್ಳುವ ಪದ್ಧತಿಯನ್ನು ನಿಲ್ಲಿಸಿ, ಆ ಕೆಲಸವನ್ನು 14 ಸಾಮಾನ್ಯ ನಾಗರಿಕರ ಆಯೋಗಕ್ಕೆ ಒಪ್ಪಿಸಿದ 2008ರ ಪ್ರೊಪೊಸಿಷನ್ 11ರ ಪರವಾಗಿ ಅವರು ದುಡಿದರು. ಪಕ್ಷದೊಳಗಿನ ವೃತ್ತಿ ರಾಜಕಾರಣಿಗೆ ಅದು ಕಷ್ಟದ ಮಾತು. ಹೊರಗಿನವರಾದ್ದರಿಂದಲೇ ಸಾಧ್ಯವಾಯಿತೆಂದು ನನಗನಿಸುತ್ತದೆ. ಹೀಗಾಗಿ ನಿಮ್ಮ ಗೆಳೆಯರು ಹೊಸ ಹೆಸರೊಂದನ್ನು ಹೇಳಿದಾಗ, ಆ ವ್ಯಕ್ತಿ ಯಾವ ಕಟ್ಟಳೆಯನ್ನು ಬದಲಿಸುತ್ತೇನೆನ್ನುತ್ತಾರೆ, ಅದಕ್ಕೆ ಬೇಕಾದ ಮತಗಳನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಿ ನೋಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನೀವು ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದೀರಿ. ಡ್ರೈವಿಂಗ್ ಲೈಸೆನ್ಸಿಗಾಗಿ ಡಿಎಂವಿ (ರಾಜ್ಯದ ವಾಹನ ಇಲಾಖೆ) ಕಚೇರಿಗೆ ಹೋದಾಗ ಮತದಾರರ ನೋಂದಣಿಯ ಪ್ರಶ್ನೆಗಳೂ ಬರುತ್ತವೆ. ಅಲ್ಲಿ ಅಮೆರಿಕದ ಪ್ರಜೆಯೆಂಬ ಉತ್ತರವನ್ನು ಕೈತಪ್ಪಿಯೂ ಗುರುತು ಹಾಕಬೇಡಿ, ಅದರಿಂದ ಗಡೀಪಾರಾಗುವ ಅಪಾಯವಿದೆ. ಚುನಾವಣಾ ದೇಣಿಗೆಯನ್ನೂ ನೀವು ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಆದರೆ ನಗರ ಸಭೆ ಮತ್ತು ಶಾಲಾ ಮಂಡಳಿಯ ಸಭೆಗಳಲ್ಲಿ ಎದ್ದು ಮಾತಾಡಲು ಪೌರತ್ವ ಬೇಕಿಲ್ಲ. 1953ರ ಬ್ರೌನ್ ಕಾಯಿದೆ ಆ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿದೆ. ಮತದಾರನಾಗುವ ಬಹಳ ಮೊದಲೇ, ನಮ್ಮ ಬೀದಿಯ ಶಾಲೆಯ ಮುಂದೆ ರಸ್ತೆ ದಾಟುವ ಜಾಗದಲ್ಲಿ ದೀಪ ಬೇಕೆಂದು ನಾನು ಅಲ್ಲಿ ಎರಡು ನಿಮಿಷ ಮಾತಾಡಿದ್ದೆ. ಏಳು ತಿಂಗಳ ಬಳಿಕ ದೀಪ ಬಂತು. ಸನ್ನಿವೇಲ್ ನಗರ ಸಭೆಯ ಮುಂದಿನ ಸಭೆ ಎಂದಿದೆಯೆಂದು ನೋಡಿ ತಿಳಿಸಿ. ಮೊದಲ ಬಾರಿಗೆ ಒಬ್ಬರೇ ಹೋಗಲು ಸಂಕೋಚವಾದರೆ ನಾನು ಫ್ರೀಮಾಂಟ್‌ನಿಂದ ಬಂದು ಜೊತೆಗಿರುತ್ತೇನೆ.