ಕೆಂಪು ಮಚ್ಚೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತಿದ್ದರೆ

ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೇಳುವ ರೋಗ) ಮಚ್ಚೆ ಕಣ್ಣಿಗೆ ಕೆಂಪಗಿದ್ದರೂ ನಿಮ್ಮ ಪ್ರತಿಫಲನ ಸ್ಪೆಕ್ಟ್ರೋಮೀಟರ್ (ಚರ್ಮದಿಂದ ಮರಳುವ ಬೆಳಕನ್ನು ತರಂಗಾಂತರವಾರು ಅಳೆಯುವ ಉಪಕರಣ) ಪಕ್ಕದ ಚರ್ಮಕ್ಕಿಂತ ಕಡಿಮೆ ಹಿಮೋಗ್ಲೋಬಿನ್, ಅಂದರೆ ರಕ್ತದ ಕೆಂಪು ವಸ್ತು, ತೋರಿಸುತ್ತಿದೆ ಏಕೆ ಎಂದು ಒಂದು ಗ್ರಾಫ್ ಹಾಕಿ ಕೇಳಿದ್ದೀರಿ. ಕಾರಣ ಬಹುಶಃ ಚರ್ಮಕ್ಕೆ ತಾಗಿಸುವ ಅಳತೆಯ ತುದಿಯ (ಪ್ರೋಬ್‌ನ) ಒತ್ತಡ, ಇಲ್ಲವೇ ಮೇಲಿನ ಬಿಳಿ ಹೊಟ್ಟು. ಒತ್ತಿದರೆ ಲೋಮನಾಳಗಳ ರಕ್ತ ಪಕ್ಕಕ್ಕೆ ಸರಿಯುತ್ತದೆ. ಹೊಟ್ಟಿನ ಪದರಗಳ ನಡುವಿನ ಗಾಳಿ, ಬೆಳಕು ರಕ್ತನಾಳಗಳನ್ನು ಮುಟ್ಟುವ ಮೊದಲೇ ಅದನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತದೆ. ನೀವು ಹಾಕಿರುವ ಒಂದೇ ಗ್ರಾಫ್‌ನಿಂದ ಯಾವುದರ ಪಾಲು ಎಷ್ಟೆಂದು ನಾನು ಹೇಳಲಾರೆ. ಒಂದೊಂದನ್ನೇ ಬದಲಿಸಿ ನೋಡಿ.

ಮೊದಲು ಒತ್ತಡ. ಪ್ರೋಬ್ ಅನ್ನು ಸ್ಟ್ಯಾಂಡಿಗೆ ಕಟ್ಟಿ, ಚರ್ಮಕ್ಕೆ ಸುಮ್ಮನೆ ತಾಗುವಷ್ಟು ಮಾತ್ರ ಇಳಿಸಿ. ಕೈಯಲ್ಲಿ ಹಿಡಿದು ಅಳೆದರೆ ಪ್ರತಿ ಸಲವೂ ಬೇರೆ ಅಂಕಿ ಬರುತ್ತದೆ. ಗ್ರಾಫ್‌ನಲ್ಲಿ 542 ಮತ್ತು 577 ನ್ಯಾನೋಮೀಟರ್ ತರಂಗಾಂತರದ ಬಳಿಯ ಆಕ್ಸಿಹಿಮೋಗ್ಲೋಬಿನ್ (ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್) ತಗ್ಗುಗಳು ಆಗ ಆಳವಾದರೆ ಒತ್ತಡವೇ ಕಾರಣ.

ಬದಲಾಗದಿದ್ದರೆ, ಚರ್ಮರೋಗ ವೈದ್ಯರ ಒಪ್ಪಿಗೆ ಪಡೆದು ಮಚ್ಚೆಯ ಮೇಲೆ ತೆಳುವಾಗಿ ಲಿಕ್ವಿಡ್ ಪ್ಯಾರಾಫಿನ್ (ಒಂದು ಖನಿಜ ಎಣ್ಣೆ) ಸವರಿ. ಎಣ್ಣೆ ಗಾಳಿಯ ಜಾಗ ತುಂಬಿದಾಗ ಹೊಟ್ಟು ಪಾರದರ್ಶಕವಾಗುತ್ತದೆ. ಹೋಲಿಕೆಯ ಚರ್ಮಕ್ಕೂ ಅದನ್ನೇ ಸವರಬೇಕು. ದಯವಿಟ್ಟು ಹೊಟ್ಟನ್ನು ಕೆರೆದು ತೆಗೆಯಬೇಡಿ: ಚುಕ್ಕೆಚುಕ್ಕೆಯಾಗಿ ರಕ್ತ ಒಸರುತ್ತದೆ, ರೋಗಿಗೆ ನೋವು, ಅಳತೆಯೂ ಕೆಡುತ್ತದೆ. ತೇವಾಂಶವನ್ನೂ ಅಳೆಯುವುದಿದ್ದರೆ ಎಣ್ಣೆಗೆ ಮೊದಲೇ ಅದನ್ನು ಮುಗಿಸಿ.

ಕೊನೆಯದು ಮೆಲನಿನ್, ಅಂದರೆ ಚರ್ಮಕ್ಕೆ ಕಂದು ಬಣ್ಣ ಕೊಡುವ ವಸ್ತು; ಅದೂ ಬೆಳಕನ್ನು ಹೀರುತ್ತದೆ. ನಮ್ಮ ಕಂದು ಚರ್ಮದಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಹಿಮೋಗ್ಲೋಬಿನ್ ಹೀರಿಕೆ ಕಡಿಮೆಯಿರುವ 620–700 ನ್ಯಾನೋಮೀಟರ್ ಭಾಗದಲ್ಲಿ ಗ್ರಾಫ್‌ನ ಇಳಿಜಾರಿನಿಂದ ಮೆಲನಿನ್ ಅಂದಾಜಿಸಿ ಕಳೆಯಿರಿ. ಮಚ್ಚೆಗೂ ಪಕ್ಕದ ಚರ್ಮಕ್ಕೂ ಇದನ್ನು ಬೇರೆಬೇರೆಯಾಗಿಯೇ ಮಾಡಿ.